ಹೆಸರು ಕೊಟ್ಟು ಊರಲ್ಲೇ ಉಳಿದ ಟೊಮಾಟಿಯೊ

ನಾವು ಜಿಲ್ಲಾ ಸುದ್ದಿಗಾರರು ಟೊಮೆಟೊ ಬಗ್ಗೆ ವರ್ಷಕ್ಕೆ ಎರಡು ಸುದ್ದಿ ಬರೆಯುತ್ತೇವೆ. ಬೆಲೆ ಬಿದ್ದಾಗ ರಸ್ತೆಗೆ ಸುರಿದ ಸುದ್ದಿ, ಬೆಲೆ ಏರಿದಾಗ ತೋಟಕ್ಕೆ ಕಾವಲು ಕೂತ ಸುದ್ದಿ. ಕೋಲಾರದ ಮಂಡಿಯ ದರವೆಲ್ಲ ನಮಗೆ ಬಾಯಿಪಾಠ. ಆದರೆ ‘ಟೊಮೆಟೊ’ ಎಂಬ ಪದ ಯಾರ ಮನೆಯದು ಎಂದು ನಾವು ಕೇಳಿದ್ದೇ ಇಲ್ಲ. ಕೇಳುತ್ತಾ ಹೋದರೆ ದಾರಿ ಮೆಕ್ಸಿಕೊದ ಜೋಳದ ಹೊಲಕ್ಕೆ, ಅಲ್ಲಿನ ಹಿತ್ತಲಿಗೆ ಮುಟ್ಟುತ್ತದೆ. ಅಲ್ಲಿ ನಮಗೆ ಸಿಗುವುದು ಹಸಿರು ಬಣ್ಣದ, ಕಾಗದದಂಥ ಹೊದಿಕೆ ಹೊದ್ದ ಇನ್ನೊಂದು ಕಾಯಿ. ಅದೇ ಟೊಮಾಟಿಯೊ.

ಆಜ್ಟೆಕರ ಭಾಷೆಯಾದ ನಾವಾಟ್ಲ್‌ನಲ್ಲಿ ‘ಟೊಮಾಟ್ಲ್’ ಎಂದರೆ ದುಂಡಗಿನ, ರಸ ತುಂಬಿದ ಹಣ್ಣು. ಯಾವ ಹಣ್ಣು ಎಂದು ಹೇಳಲು ಅದರ ಮುಂದೆ ಇನ್ನೊಂದು ಪದ ಸೇರಿಸುತ್ತಿದ್ದರು. ಕೆಂಪು ಟೊಮೆಟೊ ‘ಷಿಟೊಮಾಟ್ಲ್’. ಹೊದಿಕೆಯ ಹಸಿರು ಕಾಯಿ ‘ಮಿಲ್ಟೊಮಾಟ್ಲ್’, ಅಂದರೆ ಹೊಲದ ಟೊಮೆಟೊ. 1521ರಲ್ಲಿ ಆಜ್ಟೆಕರ ರಾಜಧಾನಿ ಸ್ಪೇನಿನವರ ಕೈಗೆ ಬಿತ್ತು. ಹೊಸ ದೊರೆಗಳಿಗೆ ಈ ಸೂಕ್ಷ್ಮ ಬೇಕಿರಲಿಲ್ಲ. ಎಲ್ಲವನ್ನೂ ‘ಟೊಮಾಟೆ’ ಎಂದರು. ಕೆಂಪು ಹಣ್ಣು ಹಡಗು ಹತ್ತಿ ಜಗತ್ತು ಸುತ್ತಿತು, ಹೆಸರನ್ನೂ ಜೊತೆಗೆ ಒಯ್ದಿತು. ಮಧ್ಯ ಮೆಕ್ಸಿಕೊದಲ್ಲಿ ಮಾತ್ರ ಇಂದಿಗೂ ‘ಟೊಮಾಟೆ’ ಎಂದರೆ ಹಸಿರು ಕಾಯಿ. ಕೆಂಪು ಬೇಕಿದ್ದರೆ ‘ಹಿಟೊಮಾಟೆ’ ಎಂದೇ ಕೇಳಬೇಕು.

ಇಷ್ಟು ವಿವರ ನಮಗೆ ಉಳಿದದ್ದು ಹೇಗೆ? ಇದರಲ್ಲಿ ನಮ್ಮಂಥವರ ಪಾಲೂ ಇದೆ. ಬರ್ನಾರ್ಡಿನೊ ದೆ ಸಹಗೂನ್ ಎಂಬ ಸ್ಪೇನಿನ ಪಾದ್ರಿ 1529ರಲ್ಲಿ ಮೆಕ್ಸಿಕೊಗೆ ಬಂದ. ಅಲ್ಲಿನವರ ಬದುಕನ್ನೆಲ್ಲ ಬರೆಸುವ ಕೆಲಸಕ್ಕೆ ಕೈಹಾಕಿದ. ಊರಿನ ಹಿರಿಯರಿಗೆ ಪ್ರಶ್ನೆ ಕೇಳಿ, ಉತ್ತರವನ್ನು ನಾವಾಟ್ಲ್‌ನಲ್ಲಿಯೇ ದಾಖಲಿಸುವ ಕ್ರಮ ಅವನದು. 12 ಭಾಗಗಳ ಆ ಹಸ್ತಪ್ರತಿ ಈಗ ಇಟಲಿಯ ಫ್ಲಾರೆನ್ಸ್‌ನ ಗ್ರಂಥಾಲಯದಲ್ಲಿದೆ. ಅದರ ಹತ್ತನೆಯ ಭಾಗದಲ್ಲಿ ಸಂತೆಯ ಟೊಮೆಟೊ ವ್ಯಾಪಾರಿಯೂ ಬರುತ್ತಾರೆ. ದೊಡ್ಡವು, ಸಣ್ಣವು, ಹಸಿರು, ಹೀಗೆ ಬಗೆಬಗೆಯ ಕಾಯಿಗಳ ಪಟ್ಟಿ ಅಲ್ಲಿದೆ. ಕೆಟ್ಟ ವ್ಯಾಪಾರಿ ಕೊಳೆತದ್ದು, ಜಜ್ಜಿಹೋದದ್ದನ್ನು ಮಾರುತ್ತಾನೆ ಎಂಬ ಮಾತೂ ಇದೆ. ಸಂತೆ ಎಲ್ಲಿಯಾದರೂ ಸಂತೆಯೇ!

ಆದರೆ ಕೇಳಿದವರು, ಬರೆದವರು, ಚಿತ್ರ ಬಿಡಿಸಿದವರು ಹೆಚ್ಚಾಗಿ ಸ್ಥಳೀಯ ಯುವಕರು. ಟ್ಲಾಟೆಲೊಲ್ಕೊದ ಕಾಲೇಜಿನಲ್ಲಿ ಓದಿ ಮೂರು ಭಾಷೆ ಬಲ್ಲವರು. 1576ರಲ್ಲಿ ಮಹಾಮಾರಿ ಅಪ್ಪಳಿಸಿದಾಗಲೂ ಕೆಲಸ ನಿಲ್ಲಲಿಲ್ಲ. ಕೊನೆಯ ಭಾಗದ ಅನೇಕ ಚಿತ್ರಗಳಿಗೆ ಬಣ್ಣವೇ ಇಲ್ಲ. ಆಂಟೊನಿಯೊ ವಲೇರಿಯಾನೊ ಮುಂತಾದ ಕೆಲವರ ಹೆಸರನ್ನು ಸಹಗೂನ್ ಹೇಳಿದ್ದಾನೆ, ಅದು ಅವನ ದೊಡ್ಡತನ. ಆದರೂ ಜಗತ್ತು ಆ ಗ್ರಂಥವನ್ನು ಸಹಗೂನನದು ಎಂದೇ ಕರೆಯುತ್ತದೆ. ತಾಲ್ಲೂಕಿನಿಂದ ಕಳಿಸಿದ ಸುದ್ದಿ ಬೇರೆಯವರ ಹೆಸರಿನಲ್ಲಿ ಅಚ್ಚಾದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗಿಡದ ಸ್ವಭಾವವನ್ನು ಗಮನಿಸಿದರೆ ಅದರ ಇತಿಹಾಸವೂ ಅರ್ಥವಾಗುತ್ತದೆ. ಜೋಳ, ಹುರುಳಿಕಾಯಿ, ಕುಂಬಳ ಒಟ್ಟಿಗೆ ಬೆಳೆಯುವ ‘ಮಿಲ್ಪಾ’ ಹೊಲದಲ್ಲಿ ಅದು ಬಿತ್ತದೆಯೂ ಹುಟ್ಟುತ್ತದೆ. ಮಾಗಿದ ಕಾಯಿ ತಾನಾಗಿ ಉದುರಿ, ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ. ಕಳೆ ಕೀಳುವಾಗ ಅದನ್ನು ಉಳಿಸಿಕೊಂಡವರೇ ಅದರ ಮೊದಲ ತೋಟಗಾರರು ಎನ್ನಬೇಕು.

ಹಿತ್ತಲಲ್ಲಿ ಬೆಳೆಯುವವರು ಸಸಿ ಮಾಡಿ, ಎರಡು ಮೂರು ಅಡಿ ಅಂತರದಲ್ಲಿ ನೆಡುತ್ತಾರೆ. ಒಂದೇ ಗಿಡ ನೆಟ್ಟರೆ ಹೂವು ತುಂಬಿದರೂ ಕಾಯಿ ನಿಲ್ಲುವುದು ಅಪರೂಪ. ತನ್ನದೇ ಪರಾಗವನ್ನು ಗಿಡ ಒಪ್ಪುವುದಿಲ್ಲ, ಹತ್ತಿರದಲ್ಲಿ ಇನ್ನೊಂದು ಗಿಡವಿರಬೇಕು, ನಡುವೆ ಜೇನ್ನೊಣ ಓಡಾಡಬೇಕು. ಸಸಿ ನೆಟ್ಟ ಎರಡರಿಂದ ಮೂರು ತಿಂಗಳಿಗೆ ಕೊಯ್ಲು. ಮೊದಲು ಹೊದಿಕೆ ಉಬ್ಬುತ್ತದೆ, ಒಳಗೆ ಕಾಯಿ ಸಣ್ಣದು. ಕಾಯಿ ಬೆಳೆದು ಹೊದಿಕೆ ತುಂಬಿ ಬಿರಿಯುವ ಹೊತ್ತು ಕೀಳಲು ಸರಿ. ಹಳದಿಗೆ ತಿರುಗಿದರೆ ಸಿಹಿಯಾಗುತ್ತದೆ, ಚಟ್ನಿಗೆ ಬೇಕಾದ ಹುಳಿ ಹೋಗುತ್ತದೆ. ಹೊದಿಕೆ ತೆಗೆಯದೆ ಇಟ್ಟರೆ ಕೆಲವು ವಾರ ಬಾಳುತ್ತದೆ. ಬಳಸುವ ಮುನ್ನ ಮೈಮೇಲಿನ ಅಂಟನ್ನು ತೊಳೆಯಬೇಕು. ಹಸಿಮೆಣಸಿನಕಾಯಿಯೊಡನೆ ಬೇಯಿಸಿ ಅಥವಾ ಸುಟ್ಟು ಅರೆದರೆ ‘ಸಾಲ್ಸಾ ವೆರ್ದೆ’. ಹೊದಿಕೆಯನ್ನೂ ಅಲ್ಲಿನ ಹೆಂಗಸರು ಎಸೆಯುತ್ತಿರಲಿಲ್ಲ. ಅದನ್ನು ಕುದಿಸಿದ ನೀರಿಗೆ ‘ತೆಕೆಸ್ಕಿತೆ’ ಎಂಬ ಸವಳು ಉಪ್ಪು ಬೆರೆಸಿ, ಜೋಳದ ಹಿಟ್ಟು ಹಗುರಾಗಲು ಹಾಕುತ್ತಿದ್ದರು.

ಕೆಂಪು ಟೊಮೆಟೊ 1544ರ ಹೊತ್ತಿಗೆ ಇಟಲಿಯ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಹೊದಿಕೆಯ ಕಾಯಿ ಹೀಗೆ ನೆಲೆಯೂರಲಿಲ್ಲ. ಬೆಳೆಸಿದ ಟೊಮೆಟೊ ಒಂಟಿ ಗಿಡವಾದರೂ ಕಾಯಿ ಬಿಡುತ್ತದೆ, ಇದಕ್ಕೆ ಜೊತೆ ಬೇಕು. ಅದೂ ಒಂದು ಕಾರಣವಿರಬೇಕೆಂದು ನಮ್ಮ ಊಹೆ.

ಈ ಕಾಯಿಯ ಚಿತ್ರ ಮೊದಲು ನೋಡಿದಾಗ ನಮಗೆ ಹೊಸದೆನಿಸಲಿಲ್ಲ. ಹೊಲದ ಬದುವಿನಲ್ಲಿ ಸಿಗುವ ಗುಪ್ಪಟೆ ಹಣ್ಣು ಇದೇ ಕುಲದ್ದು. ಕೆಲವರಿಗೆ ಅದು ಬುಡ್ಡೆ ಹಣ್ಣು. ಹೊದಿಕೆಯನ್ನು ಹಣೆಗೆ ಬಡಿದು ‘ಟಪ್’ ಎನ್ನಿಸಿ, ಒಳಗಿನ ಪುಟ್ಟ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಕಳೆನಾಶಕ ಬಂದ ಹೊಲಗಳಲ್ಲಿ ಅದಕ್ಕೆ ಜಾಗ ಕಡಿಮೆ. ಮಂಡಿಗೆ ಬರದ ಕಾರಣ ಅದರ ಬಗ್ಗೆ ನಾವು ಒಂದು ಸಾಲೂ ಬರೆದಿಲ್ಲ. ಅದನ್ನು ಕೀಳದೆ ಬಿಡುವ ಅಜ್ಜಿಯರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಸಲ ಟೊಮೆಟೊ ದರ ಕೇಳಲು ಹೊಲಕ್ಕೆ ಹೋದಾಗ, ಬದುವಿನಲ್ಲಿ ನಿಂತು ಅವರನ್ನು ಎರಡು ಮಾತು ಕೇಳೋಣ. ಬರೆಯುವಾಗ ಅವರ ಹೆಸರನ್ನೂ ಬರೆಯೋಣ.