ಗುಜರಿಯಿಂದ ಎದ್ದ ಟರ್ಬೊ

ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿ-24 ಲಿಬರೇಟರ್ ಬಾಂಬರ್‌ಗಳು ಸಾಲುಸಾಲಾಗಿ ಬಿದ್ದುಕೊಂಡಿದ್ದವು. ಇನ್ನಾರೂ ಹಾರಿಸಬಾರದೆಂದು ಬ್ರಿಟಿಷ್ ವಾಯುಪಡೆ ಅವುಗಳನ್ನು ಬೇಕೆಂದೇ ಕೆಡಿಸಿಟ್ಟಿತ್ತು. ಎಂಜಿನ್ನಿಗೆ ಮರಳು ಸುರಿದಿದ್ದರು, ಮೀಟರುಗಳನ್ನು ಒಡೆದಿದ್ದರು, ಮೈಗೆಲ್ಲ ಪೆಟ್ಟು ಹಾಕಿದ್ದರು. ಗುಜರಿಯವನು ತೂಕಕ್ಕೆ ಕೊಳ್ಳುವಂಥ ಮಾಲು. ಆದರೆ ಆಗತಾನೆ ಸ್ವತಂತ್ರವಾದ ದೇಶಕ್ಕೆ ದೊಡ್ಡ ಬಾಂಬರ್ ಬೇಕಿತ್ತು, ಹೊಸದನ್ನು ತರಿಸಲು ಕೈಯಲ್ಲಿ ಕಾಸಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಕಾನ್ಪುರಕ್ಕೆ ಹೋದರು. ಒಂದರ ಸಾಮಾನು ಇನ್ನೊಂದಕ್ಕೆ ಹಾಕಿ ಹೇಗೋ ಹಾರುವಷ್ಟಕ್ಕೆ ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ರಿಪೇರಿ ನಡೆದದ್ದು ಇಲ್ಲಿ. ಹೀಗೆ 40ಕ್ಕೂ ಹೆಚ್ಚು ವಿಮಾನಗಳಿಗೆ ಜೀವ ಬಂತು. 1948ರ ನವೆಂಬರಿನಲ್ಲಿ ಇವೇ ವಿಮಾನಗಳಿಂದ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. 1968ರವರೆಗೂ ಲಿಬರೇಟರ್‌ಗಳು ಕೆಲಸ ಮಾಡಿದವು. 1974ರಲ್ಲಿ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಮ್ಮಿಗೆ ಒಂದು ಲಿಬರೇಟರ್ ಬೇಕಾದಾಗ ಅದು ಹೋದದ್ದು ಭಾರತದಿಂದ, ಅದೂ ತನ್ನದೇ ರೆಕ್ಕೆಯ ಮೇಲೆ ಹಾರಿಕೊಂಡು.

ಈ ಬಾಂಬರಿಗೆ ನಾಲ್ಕು ಎಂಜಿನ್, ಒಂದೊಂದಕ್ಕೂ 1,200 ಅಶ್ವಶಕ್ತಿ. ಪ್ರತಿ ಎಂಜಿನ್ನಿನ ಗೂಡಿನ ಕೆಳಗೆ ಒಂದೊಂದು ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ. ಮನೆಯ ಹಿತ್ತಲಿನಲ್ಲಿ ಹಳೆಯ ಕಾರಿಗೆ ಟರ್ಬೊ ಕೂರಿಸಿ ಓಡಿಸಬೇಕೆನ್ನುವ ಇಂದಿನ ಹುಡುಗರು ಯೂರೋಪಿನ, ಜಪಾನಿನ ಉದಾಹರಣೆ ಹುಡುಕುತ್ತಾರೆ. ಗುಜರಿ ಮಾಲಿನಿಂದ ಟರ್ಬೊ ಗಾಡಿ ಎಬ್ಬಿಸಿದ ಅಷ್ಟು ದೊಡ್ಡ ಉದಾಹರಣೆ ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೇ ಇದೆ.

ಆ ಕಾರ್ಖಾನೆ ಹುಟ್ಟಿದ ಬಗೆಯೂ ಸ್ವಾರಸ್ಯದ್ದು. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಮೊದಲು ಬೇಕಿದ್ದದ್ದು ಕಾರಿನ ಕಾರ್ಖಾನೆ. 1930ರ ದಶಕದಲ್ಲಿ ಅದಕ್ಕಾಗಿಯೇ ಯೂರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಬರೆದಿದ್ದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ. ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು. ಆದರೆ 1939ರಲ್ಲಿ ಅಮೆರಿಕದ ಕಾರು ಕಂಪನಿಗಳ ಜೊತೆ ಮಾತಾಡಿ ವಾಪಸು ಬರುತ್ತಿದ್ದ ವಾಲಚಂದರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿ ಜೊತೆಯಾದ. ಆ ಮಾತುಕತೆಯ ಫಲ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಕಾರು ಕೇಳಿದ ಮೈಸೂರಿಗೆ ವಿಮಾನ ಸಿಕ್ಕಿತು. ಹಾಗಾಗಿ ಈ ನೆಲದ ಮೆಕ್ಯಾನಿಕ್ ಟರ್ಬೊವನ್ನು ಕಾರಿನಲ್ಲಿ ನೋಡುವ ಎಷ್ಟೋ ವರ್ಷ ಮೊದಲು ಬಾಂಬರಿನಲ್ಲಿ ನೋಡಿದ.

ಟರ್ಬೊ ಎಂದರೆ ಹೊಗೆಕೊಳವೆಯಿಂದ ಸುಮ್ಮನೆ ಹೋಗಿಬಿಡುವ ಬಿಸಿ ಗಾಳಿಗೆ ಒಂದು ಚಕ್ರ ಅಡ್ಡ ಇಟ್ಟು ತಿರುಗಿಸುವುದು. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ತಣ್ಣನೆ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುರುಕುವುದು. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಜರ್ಮನಿಯ ಹಡಗುಗಳಿಗೆ ಇದು ಏರಿತು. ಎತ್ತರದಲ್ಲಿ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಸೊರಗುತ್ತದಲ್ಲ, ಅದಕ್ಕೆ ಮದ್ದು ಹುಡುಕಿದ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ಒಂದು ಎಂಜಿನ್ನನ್ನು ಲಾರಿಗೆ ಹೇರಿ 14,109 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ 356 ಕೊಟ್ಟಿತು. ಬೆಂಗಳೂರಿನ ಎತ್ತರದಲ್ಲೂ ಸಮುದ್ರಮಟ್ಟಕ್ಕಿಂತ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಮಂಗಳೂರಿನಿಂದ ಬಂದ ಗಾಡಿಗೆ ಇಲ್ಲಿ 'ಪಿಕಪ್ ಸಾಲದು' ಎನ್ನಿಸಿದರೆ ಅದು ಬರೀ ಭ್ರಮೆಯಲ್ಲ.

ಇನ್ನು ಇಂಥ ಗಾಡಿ ಹಳ್ಳಿಗಾಡಿನಲ್ಲೂ ಎದ್ದೀತೇ ಎಂದು ನೋಡಲು ಬೆಂಗಳೂರು ಬಿಟ್ಟು ಉಬ್ರಾಣಿಗೆ ಹೋಗೋಣ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಈ ಹೋಬಳಿಯ ಹೆಸರನ್ನು ಯಾವ ಮೋಟಾರು ಚರಿತ್ರೆಯಲ್ಲೂ ಹುಡುಕಬೇಕಾಗಿಲ್ಲ. ಆದರೆ ನಕ್ಷೆ ತೆರೆದು ನೋಡಿದರೆ ಅದು ಕೂತಿರುವ ಜಾಗ ಗಮನ ಸೆಳೆಯುತ್ತದೆ. ಒಂದು ಬದಿಗೆ ಭದ್ರಾವತಿ. ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿತು, ಸುತ್ತಲಿನ ಕಾಡಿನ ಮರದ ಇದ್ದಿಲಿನಿಂದಲೇ. ಇನ್ನೊಂದು ಬದಿಗೆ, ಉತ್ತರಕ್ಕೆ, ತುಂಗಭದ್ರೆಯ ದಡದ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಕಾರ್ಖಾನೆ ಅದು. ಅಲ್ಲಿ ತಯಾರಾದದ್ದು ಲೇತು, ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ.

ಲೇತಿನ ಬಗ್ಗೆ ನಾಲ್ಕು ಮಾತು ಹೆಚ್ಚಾದರೂ ತಪ್ಪಿಲ್ಲ. ಕಡಿಮೆ ಖರ್ಚಿನ ಟರ್ಬೊ ಗಾಡಿಯ ಗುಟ್ಟು ಟರ್ಬೊದಲ್ಲಿಲ್ಲ, ಲೇತಿನಲ್ಲಿದೆ. ಒಂದು ಗಾಡಿಯ ಟರ್ಬೊ ಇನ್ನೊಂದು ಗಾಡಿಯ ಮೂತಿಗೆ ಕೂರುವುದಿಲ್ಲ. ನಡುವೆ ಎರಡನ್ನೂ ಜೋಡಿಸುವ ದಪ್ಪ ಉಕ್ಕಿನ ತಟ್ಟೆ, ಫ್ಲ್ಯಾಂಜ್, ಬೇಕು. ತೂತುಗಳು ಕೂದಲೆಳೆ ಆಚೀಚೆಯಾಗದೆ ಬೀಳಬೇಕು. ಮುಖ ಎಷ್ಟು ಸಪಾಟಾಗಿರಬೇಕೆಂದರೆ ಕೆಂಪಗೆ ಕಾದರೂ ಹೊಗೆ ಸೋರಬಾರದು. ಆಯಿಲ್ ಹೋಗಲು ಒಂದು ನಿಪ್ಪಲ್, ಬರಲು ಇನ್ನೊಂದು. ಇದನ್ನೆಲ್ಲ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ, ಟರ್ನರ್ ಕೂತು ಕೊರೆಯಬೇಕು. ಹರಿಹರದ ಲೇತುಗಳು ದೇಶದ ತುಂಬ ವರ್ಕ್‌ಶಾಪು, ಐಟಿಐಗಳಿಗೆ ಹೋದವು. ದಾವಣಗೆರೆ ಸುತ್ತಿನ ತಾಲ್ಲೂಕು ಕೇಂದ್ರಗಳಲ್ಲಿ ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು, ಅಡಿಕೆ ಸುಲಿಯುವ ಯಂತ್ರದ ರೋಲರು ಎಲ್ಲಕ್ಕೂ ಲೇತೇ ಗತಿ. ಕಾರಿಗೆ ಟರ್ಬೊ ಹಾಕಲು ಬೇಕಾದ ಕೈಚಳಕ ಪಂಪ್‌ಸೆಟ್ಟಿನ ಕೆಲಸದಲ್ಲೇ ಪಳಗಿರುತ್ತದೆ.

ಅಡಿಕೆ ಸೀಮೆಯ ರೈತ ಟರ್ಬೊದ ಸೀಟಿ ಮೊದಲು ಕೇಳಿದ್ದು ಬಹುಶಃ ಕಾರಿನಿಂದಲ್ಲ, ಲಾರಿಯಿಂದ. 1982ರಲ್ಲಿ ಚೆನ್ನೈನಲ್ಲಿ ಟರ್ಬೊ ಎನರ್ಜಿ ಕಂಪನಿ ಶುರುವಾದ ಮೇಲೆ ಇಲ್ಲೇ ಟರ್ಬೊ ತಯಾರಾಗತೊಡಗಿತು. 1993ರ ಟಾಟಾ-ಕಮಿನ್ಸ್ ಒಪ್ಪಂದದಿಂದ ಟಾಟಾ ಲಾರಿಗಳಿಗೆ ಟರ್ಬೊ ಎಂಜಿನ್ ಬಂತು. 2000ರಿಂದ ಹೊಗೆ ನಿಯಮ ಬಿಗಿಯಾಗುತ್ತ ಹೋದಂತೆ ಟರ್ಬೊ ಇಲ್ಲದ ಡೀಸೆಲ್ ಗಾಡಿಯೇ ಅಪರೂಪವಾಯಿತು. ಇನ್ನೊಂದು ಬೋರ್‌ವೆಲ್ ಲಾರಿ. ಜಗಳೂರಿನ ಒಣ ಹೊಲದಲ್ಲಿ, ಚನ್ನಗಿರಿಯ ತೋಟದಲ್ಲಿ ರಾತ್ರಿಯೆಲ್ಲ ಮೊರೆಯುವ ಆ ರಿಗ್ಗುಗಳ ತವರು ತಮಿಳುನಾಡಿನ ತಿರುಚೆಂಗೋಡು. ಕೊರೆದ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುವ ಕಂಪ್ರೆಸರನ್ನು ತಿರುಗಿಸುವುದು ದೊಡ್ಡ ಡೀಸೆಲ್ ಎಂಜಿನ್. ಎಂಜಿನ್ನಿಗೆ ಗಾಳಿ ಊದುವುದು ಟರ್ಬೊ, ಭೂಮಿಗೆ ಗಾಳಿ ಊದುವುದು ಕಂಪ್ರೆಸರು. ನೀರು ಬಂದರೆ ರೈತನ ಪುಣ್ಯ.

ಡೀಸೆಲ್ ಗಾಡಿಗೆ ಟರ್ಬೊ ಹಾಕುವುದು ಪೆಟ್ರೋಲಿಗಿಂತ ಸಲೀಸು. ಡೀಸೆಲ್ ಎಂಜಿನ್ ಗಾಳಿಯನ್ನಷ್ಟೇ ಒತ್ತುತ್ತದೆ, ಇಂಧನ ಕೊನೇ ಗಳಿಗೆಯಲ್ಲಿ ಸಿಡಿಯುತ್ತದೆ. ಹೆಚ್ಚು ಗಾಳಿ ಕೊಟ್ಟರೆ ಅದು ಖುಷಿಯಾಗಿ ಉರಿಯುತ್ತದೆ. ಉಳಿದದ್ದು ಪಂಪ್ ಕೆಲಸ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ ಕಂಪನಿಯ ಇಂಜೆಕ್ಷನ್ ಪಂಪು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ರಾಜ್ಯದ ಹೆದ್ದಾರಿಯುದ್ದಕ್ಕೂ ತಯಾರಾದರು. ಗಾಳಿ ಹೆಚ್ಚಿಸಿದ ಮೇಲೆ ಡೀಸೆಲ್ ಎಷ್ಟು ಹೆಚ್ಚಿಸಬೇಕೆಂದು ಹೊಗೆಯ ಬಣ್ಣ ನೋಡಿಯೇ ಹೇಳುವ ತಲೆಮಾರು ಅದು.

ಪೆಟ್ರೋಲ್ ಎಂಜಿನ್ ಹಾಗಲ್ಲ. ಅಲ್ಲಿ ಗಾಳಿಯ ಜೊತೆ ಪೆಟ್ರೋಲ್ ಮೊದಲೇ ಬೆರೆತಿರುತ್ತದೆ. ಒತ್ತಡವೂ ಬಿಸಿಯೂ ಮಿತಿಮೀರಿದರೆ ಪ್ಲಗ್ಗಿನ ಕಿಡಿ ಹೊತ್ತಿಸಿದ ಜ್ವಾಲೆ ತಲುಪುವವರೆಗೂ ಕಾಯದೆ ತಾನೇ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆ ಏಟು ಕೊಡುತ್ತದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ಮಾರಿತು. ಈ ನಾಕಿಂಗ್ ತಡೆಯಲು ನೀರು-ಮೆಥನಾಲ್ ಮಿಶ್ರಣ ಸಿಂಪಡಿಸುವ ಏರ್ಪಾಡು ಅದರಲ್ಲಿತ್ತು. ಕೊಂಡವರು ಆ ಡಬ್ಬಿ ತುಂಬಿಸಲು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಕಂಪನಿಯೇ ಟರ್ಬೊ ಬಿಚ್ಚಿ ಸಾದಾ ಕಾರ್ಬೊರೇಟರ್ ಹಾಕಿಕೊಟ್ಟಿತು. ದುಡ್ಡಿರುವ ಕಂಪನಿಗೇ ಹೀಗಾದರೆ ಹಿತ್ತಲಿನವನ ಪಾಡೇನು?

ಹಿತ್ತಲಿನವನ ಕೈಗೆ ಮೊದಲು ಬರುವ ಗಾಡಿ ಮಾರುತಿ 800. 1983ರ ಡಿಸೆಂಬರಿನಿಂದ ಮಾರಾಟಕ್ಕೆ ಬಂದ ಈ ಕಾರಿನ 796 ಸಿಸಿ ಎಂಜಿನ್ ಕೊಡುವುದು 40ಕ್ಕಿಂತ ಕಡಿಮೆ ಅಶ್ವಶಕ್ತಿ. ಆದರೆ ಇದರ ಜಪಾನಿ ದಾಯಾದಿಯನ್ನು ನೋಡಬೇಕು: 1987ರಲ್ಲಿ ಸುಜುಕಿ ತಂದ ಆಲ್ಟೊ ವರ್ಕ್ಸ್ ಬರೀ 543 ಸಿಸಿಯಿಂದ, ಟರ್ಬೊ ಬಲದಲ್ಲಿ, 64 ಅಶ್ವಶಕ್ತಿ ಹೊರಡಿಸಿತು. ಆಸೆ ಹುಟ್ಟಲು ಇಷ್ಟು ಸಾಕು. ಟರ್ಬೊ ಸಿಗುವುದೂ ಕಷ್ಟವಿಲ್ಲ. 2007ರಿಂದ ಮಾರುತಿ ಸ್ವಿಫ್ಟಿಗೆ 1.3 ಲೀಟರ್ ಡೀಸೆಲ್ ಎಂಜಿನ್ ಬಂದ ಮೇಲೆ ಮುಷ್ಟಿ ಗಾತ್ರದ ಟರ್ಬೊಗಳು ಅಪಘಾತದ ಗಾಡಿಗಳ ಜೊತೆ ಗುಜರಿಗೆ ಬಂದು ಬೀಳುತ್ತವೆ.

ಕಾಗದದ ಮೇಲೆ ಲೆಕ್ಕ ಸುಲಭ. ಬೆಂಗಳೂರಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ 0.9 ಬಾರ್. ಟರ್ಬೊ 0.4 ಬಾರ್ ಸೇರಿಸಿದರೆ 1.3. ಅಂದರೆ ಶೇ 44ರಷ್ಟು ಹೆಚ್ಚು ಗಾಳಿ. ಅಶ್ವಶಕ್ತಿಯೂ ಅಷ್ಟೇ ಏರಬೇಕು. ಏರುವುದಿಲ್ಲ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ತೆಳು. ತಣಿಸಲು ಇಂಟರ್‌ಕೂಲರ್ ಬೇಕು, ಅದಕ್ಕೆ ಪೈಪು, ಪೈಪಿಗೆ ಕ್ಲಾಂಪು. ಒತ್ತಡ ತಾಳಲು ಗಟ್ಟಿಯಾದ ಹೆಡ್ ಗ್ಯಾಸ್ಕೆಟ್ ಬೇಕು. ಡೀಸೆಲ್ ಗಾಡಿಯ ಟರ್ಬೊ ಪೆಟ್ರೋಲಿನ ಹೊಗೆಯ ಕಾವಿಗೆ ಮಾಡಿದ್ದಲ್ಲ; ಪೆಟ್ರೋಲ್ ಎಂಜಿನ್ನಿನ ಹೊಗೆ 800-900 ಡಿಗ್ರಿ ಮುಟ್ಟುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟು ತೇಲುವುದು ಆಯಿಲಿನ ತೆಳು ಪದರದ ಮೇಲೆ. ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಿದರೆ ಆ ಆಯಿಲ್ ಸೀದು ಕರಿಕಾಗುತ್ತದೆ. ಲಾರಿ ಡ್ರೈವರುಗಳು ಢಾಬಾದ ಮುಂದೆ ನಿಂತ ಮೇಲೂ ಎಂಜಿನ್ನನ್ನು ಸ್ವಲ್ಪ ಹೊತ್ತು ಐಡಲ್ ಬಿಡುವುದು ಅದಕ್ಕೇ. ಸುಟ್ಟ ಟರ್ಬೊ ಬದಲಿಸುವ ಖರ್ಚು ಎಷ್ಟೆಂದು ಮಾಲೀಕನ ಬೈಗುಳ ಅವರಿಗೆ ಕಲಿಸಿದೆ.

ಹೀಗೆ ಅಗ್ಗದ ಟರ್ಬೊ ತನ್ನ ಸುತ್ತ ದುಬಾರಿ ಸಂಸಾರ ಕಟ್ಟಿಕೊಳ್ಳುತ್ತದೆ. ಲಿಬರೇಟರ್ ಎಬ್ಬಿಸಿದವರಿಗೂ ವಿಮಾನ ಬಿಟ್ಟಿ ಸಿಕ್ಕಿತ್ತು, ಕೆಲಸ ಬಿಟ್ಟಿ ಸಿಕ್ಕಿರಲಿಲ್ಲ. ಅವರ ಬೆನ್ನಿಗೆ ಒಂದು ಕಾರ್ಖಾನೆಯಿತ್ತು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಗೊತ್ತುಮಾಡಿತು. ಆದ್ದರಿಂದ ಮನೆಯಲ್ಲಿ ಕಟ್ಟಿದ ಟರ್ಬೊ ಕಾರಿಗೆ ನ್ಯಾಯವಾದ ಜಾಗ ರೇಸ್ ಟ್ರ್ಯಾಕು. ಅಲ್ಲೂ ಗಾಳಿಗೆ ಲೆಕ್ಕವಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ವಿದ್ಯಾರ್ಥಿಗಳು ತಾವೇ ಕಟ್ಟಿ ಒಯ್ಯುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಎಂಜಿನ್ 710 ಸಿಸಿ ಮೀರಬಾರದು, ಪೆಟ್ರೋಲ್ ಗಾಡಿಯಾದರೆ ಅದರ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ತೂತಿನಿಂದ ನುಗ್ಗಬೇಕು. ಟರ್ಬೊ ಹಾಕಬಹುದು, ಆದರೆ ತೂತು ಟರ್ಬೊಕ್ಕಿಂತ ಮುಂಚೆ ಇರಬೇಕು. ಎಷ್ಟೇ ಎಳೆದರೂ ಆ ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ.

ವಿಶ್ವೇಶ್ವರಯ್ಯನವರು ಬಯಸಿದ ಕಾರಿನ ಕಾರ್ಖಾನೆ ಕೊನೆಗೂ ಬಂತು, ಕಿರ್ಲೋಸ್ಕರ್ ಹೆಸರನ್ನೇ ಹೊತ್ತು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. 2000ದ ಜನವರಿಯಲ್ಲಿ ಬಿಡದಿಯಿಂದ ಕ್ವಾಲಿಸ್ ಮಾರುಕಟ್ಟೆಗೆ ಬಂತು, ಟರ್ಬೊ ಇಲ್ಲದ 2.4 ಲೀಟರ್ ಡೀಸೆಲ್ಲಿನಲ್ಲಿ. 2005ರ ಇನ್ನೋವಾ 2.5 ಲೀಟರಿನ ಟರ್ಬೊ ಡೀಸೆಲ್ ತಂದಿತು. ಈಗ ಉಬ್ರಾಣಿ ಕಡೆಯ ಮದುವೆ ದಿಬ್ಬಣವೂ ಬಾಡಿಗೆ ಇನ್ನೋವಾದಲ್ಲಿ ಹೋಗುತ್ತದೆ, ಬಾನೆಟ್ಟಿನೊಳಗೆ ಟರ್ಬೊ ಇದೆಯೆಂದು ಯಾರೂ ಬೆರಗಾಗುವುದಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಮಾತ್ರ 2000ದ ದಶಕದ ಆರಂಭದಲ್ಲೇ ಬಾಗಿಲು ಹಾಕಿತು. ಅದು ಮಾಡಿದ ಲೇತುಗಳು ಸೆಕೆಂಡ್ ಹ್ಯಾಂಡಿನಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇವೆ. ಬೆಡ್ಡಿನ ಮೇಲೆ ಆಯಿಲ್ ಕೂತು ಕಪ್ಪಾದ, ಹೆಸರಿನ ಅಕ್ಷರ ಅರ್ಧ ಸವೆದ ಅಂಥ ಲೇತಿನ ಚಕ್ಕಿಗೆ ಬೆಳಿಗ್ಗೆ ಬೋರಿನ ಮೋಟಾರಿನ ಶಾಫ್ಟು ಏರುತ್ತದೆ, ಮಧ್ಯಾಹ್ನ ಟ್ರ್ಯಾಕ್ಟರಿನ ಬುಶ್ಶು, ಸಂಜೆ ಯಾರಾದರೂ ಪೇಪರಿನಲ್ಲಿ ಸುತ್ತಿಕೊಂಡು ತಂದರೆ ಒಂದು ಟರ್ಬೊದ ಫ್ಲ್ಯಾಂಜು.