ಶಿವನಸಮುದ್ರದಿಂದ ಕೋಲಾರಕ್ಕೆ

ಈ ಶಾಲೆಯಲ್ಲಿ ವಿಜ್ಞಾನ ಕಲಿಸುವಾಗ ವಿದ್ಯುತ್ ಪ್ರಸರಣಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ನಮ್ಮ ನಾಡಿನದೇ. ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳನ್ನು ನಂಬಿದ್ದವು. ಅವಕ್ಕೆ ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ಅಲ್ಲಿಗೆ ವಿದ್ಯುತ್ ತಲುಪಿತು. ದೂರ ಸುಮಾರು 92 ಮೈಲಿ. ಆಗ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು.

ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು 30,000ಕ್ಕೂ ಮೇಲೆ ಏರಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಕರೆಂಟು ಹತ್ತರಲ್ಲೊಂದು ಪಾಲು ಸಾಕು. ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವುದು ನೂರರಲ್ಲೊಂದು ಪಾಲು.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಬುಡ್ಡಿದೀಪವೇ ಉರಿಯಿತು. ಪ್ರಸರಣ ತಂತಿಯಿಂದ ನೇರವಾಗಿ ಮನೆಗೆ ಕರೆಂಟು ಎಳೆಯಲಾಗದು. ವೋಲ್ಟೇಜ್ ಇಳಿಸುವ ಉಪಕೇಂದ್ರ, ಟ್ರಾನ್ಸ್‌ಫಾರ್ಮರ್, ವಿತರಣಾ ತಂತಿ ಬೇಕು. ಅವಕ್ಕೆ ಎಲ್ಲಿ ಹಣ ಹಾಕಬೇಕೆಂಬುದನ್ನು ವಿಜ್ಞಾನ ಹೇಳುವುದಿಲ್ಲ, ಆಳುವವರು ತೀರ್ಮಾನಿಸುತ್ತಾರೆ. ಅಂದು ಆ ಹಣ ಲಾಭವಿದ್ದ ಗಣಿಗೆ ಮೊದಲು ಹೋಯಿತು, ಹಳ್ಳಿಗೆ ಕೊನೆಗೆ ಬಂತು.