ದಂತಧಾವನ: ಒಂದು ಹಳೆಯ ಅಭ್ಯಾಸದ ಇತಿಹಾಸ

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ನಾವು ಅದೃಷ್ಟದ ಮಾತಾಗಿ ಬಳಸುತ್ತೇವೆ. ಅದರ ಹಿಂದೆ ಇನ್ನೊಂದು ನಂಬಿಕೆಯೂ ಉಂಟು. ವಯಸ್ಸಾದಂತೆ ಹಲ್ಲು ಬೀಳಲೇಬೇಕು, ಅದು ತಲೆ ನರೆತಷ್ಟೇ ಸಹಜ ಎಂಬುದೇ ಆ ನಂಬಿಕೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹಲ್ಲನ್ನು ಕಳೆಯುವುದು ಬಹುಮಟ್ಟಿಗೆ ಮುಪ್ಪಲ್ಲ. ಹುಳುಕು ಮತ್ತು ವಸಡಿನ ರೋಗ. ಇವೆರಡನ್ನೂ ದಿನನಿತ್ಯದ ಸಣ್ಣ ಅಭ್ಯಾಸಗಳಿಂದ ಸಾಕಷ್ಟು ತಡೆಯಬಹುದು. ಆ ಅಭ್ಯಾಸಗಳು ಎಲ್ಲಿಂದ ಬಂದುವು, ಅವುಗಳಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ನಮ್ಮ ಪ್ರಾಚೀನ ವೈದ್ಯರು ದಿನಚರಿಯನ್ನು ವಿಧಿಸುವಾಗ ದಂತಧಾವನಕ್ಕೆ ಮೊದಲ ಸಾಲಿನಲ್ಲಿಯೇ ಸ್ಥಾನ ಕೊಟ್ಟಿದ್ದಾರೆ. ಸುಶ್ರುತನು ಹೇಳುವ ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ, ಗಂಟಿಲ್ಲದ್ದು, ನೆಟ್ಟಗಿರುವುದು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂಬುದು ಅವನ ಮತ. ಚರಕಸಂಹಿತೆಯಲ್ಲಿ ದಿನಕ್ಕೆ ಎರಡು ಹೊತ್ತು ಹಲ್ಲುಜ್ಜಬೇಕೆಂದಿದೆ. ವಾಗ್ಭಟನು ಬೆಳಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಎಂದು ಬಿಡಿಸಿಯೇ ಹೇಳಿ, ವಸಡಿಗೆ ನೋವಾಗದಂತೆ ಉಜ್ಜಬೇಕೆಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ನಾಲಗೆಯನ್ನು ಹೆರೆಯಲು ಚಿನ್ನ, ಬೆಳ್ಳಿ, ತಾಮ್ರ ಮುಂತಾದ ಲೋಹದ, ಅಂಚು ಹರಿತವಿಲ್ಲದ ಬಾಗಿದ ಪಟ್ಟಿಯನ್ನು ಚರಕನು ಸೂಚಿಸಿದ್ದಾನೆ. ನಾಲಗೆ ಹೆರೆಯುವ ಪಟ್ಟಿ ಇಂದಿಗೂ ನಮ್ಮ ಅನೇಕ ಮನೆಗಳ ಬಚ್ಚಲಲ್ಲಿ ಉಂಟಷ್ಟೆ!

ಇವು ಗ್ರಂಥದಲ್ಲಿ ಮಾತ್ರ ಉಳಿದ ವಿಧಿಗಳಲ್ಲ ಎಂಬುದಕ್ಕೆ ಪರದೇಶದವನೊಬ್ಬನ ಸಾಕ್ಷ್ಯವಿದೆ. ಕ್ರಿ. ಶ. 671ರಲ್ಲಿ ಚೀನದಿಂದ ಹೊರಟು, ನಾಳಂದದಲ್ಲಿ ಹತ್ತು ವರ್ಷದಷ್ಟು ಕಾಲ ವ್ಯಾಸಂಗಮಾಡಿ, 695ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಇತ್ಸಿಂಗ್ ಎಂಬ ಬೌದ್ಧ ಭಿಕ್ಷುವು ಇಲ್ಲಿನ ವಿಹಾರಗಳ ನಿತ್ಯಜೀವನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಭಿಕ್ಷುಗಳು ಪ್ರತಿದಿನ ಬೆಳಗ್ಗೆ ಕಡ್ಡಿಯನ್ನು ಅಗಿದು ಹಲ್ಲುಜ್ಜುವುದು, ಅದೇ ಕಡ್ಡಿಯನ್ನು ಸೀಳಿ ಬಗ್ಗಿಸಿ ನಾಲಗೆ ಹೆರೆಯುವುದು, ಊಟವಾದೊಡನೆ ಬಾಯಿ ತೊಳೆಯುವುದು ಇವೆಲ್ಲವೂ ಅಲ್ಲಿ ಬಂದಿವೆ. ತಿಂದೊಡನೆ ಬಾಯಿ ಮುಕ್ಕಳಿಸುವ ನಮ್ಮ ವಾಡಿಕೆಗೆ ಇಷ್ಟು ದೀರ್ಘವಾದ ವಂಶಾವಳಿಯುಂಟು.

ಕಾಲಕ್ರಮದಲ್ಲಿ ಕಡ್ಡಿಯ ಜೊತೆಗೆ ಇದ್ದಿಲು, ಉಪ್ಪು, ಬೂದಿ, ಇಟ್ಟಿಗೆಯ ಪುಡಿ ಇವೂ ಬಳಕೆಗೆ ಬಂದುವು. ಇಪ್ಪತ್ತನೆಯ ಶತಮಾನದಲ್ಲಿ ಅಂಗಡಿಯ ಹಲ್ಲುಪುಡಿ ಮನೆಮನೆಯನ್ನು ಹೊಕ್ಕಿತು. ಬಿ. ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯಿಂದ ಹೊರಟ ನಂಜನಗೂಡಿನ ಹಲ್ಲುಪುಡಿಯ ಹೆಸರನ್ನು ಕೇಳದ ಕನ್ನಡಿಗರ ಮನೆ ಒಂದು ಕಾಲದಲ್ಲಿ ವಿರಳವಾಗಿತ್ತು.

ಇತ್ತ ಬಿರುಗೂದಲಿನ ಬ್ರಷ್ಷು ಮೊದಲು ಬಳಕೆಗೆ ಬಂದದ್ದು ಚೀನದಲ್ಲಿ. ಇಂಗ್ಲೆಂಡಿನಲ್ಲಿ 1780ರ ಸುಮಾರಿಗೆ ವಿಲಿಯಂ ಆಡಿಸ್ ಎಂಬಾತನು ಮೂಳೆಯ ಹಿಡಿಗೆ ಪ್ರಾಣಿಗಳ ಕೂದಲನ್ನು ಸಿಕ್ಕಿಸಿ ಮಾರತೊಡಗಿದನು. 1938ರಲ್ಲಿ ಅಮೆರಿಕದಲ್ಲಿ ನೈಲಾನಿನ ಎಳೆಗಳು ಬಂದ ಮೇಲೆ ಬ್ರಷ್ಷು ಅಗ್ಗವಾಗಿ, ಸಾಮಾನ್ಯ ಜನರ ಕೈಗೂ ಎಟುಕಿತು.

ಸಾಧನ ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ ತಿಳಿವಳಿಕೆಯಲ್ಲಾಯಿತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕ್, ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ ಹಲ್ಲಿನ ಸಂದಿಯ ಬಿಳಿಯ ಪಾಚಿಯನ್ನು ನೋಡಿ, ಅದರಲ್ಲಿ ಓಡಾಡುವ ಸೂಕ್ಷ್ಮಜೀವಿಗಳನ್ನು ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಪ್ರತಿದಿನ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಅವನ ಬಾಯಲ್ಲಿಯೂ ಅವು ಇದ್ದುವು! ಆದರೂ ಹುಳುಕಿಗೂ ಆ ಜೀವಿಗಳಿಗೂ ಇರುವ ಸಂಬಂಧ ಸ್ಪಷ್ಟವಾಗಲು ಎರಡು ಶತಮಾನ ಬೇಕಾಯಿತು. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವಿವರಣೆ ಇದೆ. ಬಾಯಲ್ಲುಳಿದ ಸಕ್ಕರೆ, ಹಿಟ್ಟುಗಳನ್ನು ಈ ಜೀವಿಗಳು ಹುಳಿಯಾಗಿಸುತ್ತವೆ; ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಹಲ್ಲನ್ನು ಕೊರೆಯುವ ಹುಳುವೊಂದುಂಟೆಂಬ ಹಳೆಯ ಕಲ್ಪನೆ ಇಲ್ಲಿಗೆ ಮುಗಿಯಿತು.

ಸಿಹಿಯ ಪಾತ್ರವನ್ನು ನಿಶ್ಚಯವಾಗಿ ತಿಳಿಸಿದ ಪ್ರಯೋಗವೊಂದರ ಕಥೆ ದುಃಖಕರವಾದುದು. ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರನ್ನು ಇರಿಸಿದ್ದ ಸಂಸ್ಥೆಯಲ್ಲಿ 1945ರಿಂದ ಕೆಲವು ವರ್ಷ ಇದು ನಡೆಯಿತು. ಊಟದ ಜೊತೆಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಹಲ್ಲಿಗಂಟುವ ಟಾಫಿಯನ್ನು ಪದೇಪದೇ ತಿಂದವರ ಹಲ್ಲುಗಳು ಹಾಳಾದುವು. ಎಷ್ಟು ಸಿಹಿ ತಿಂದೆವೆಂಬುದಕ್ಕಿಂತ ಎಷ್ಟು ಬಾರಿ ತಿಂದೆವು, ಅದು ಎಷ್ಟು ಹೊತ್ತು ಬಾಯಲ್ಲಿ ನಿಂತಿತು ಎಂಬುದೇ ಮುಖ್ಯವೆಂದು ಲೋಕಕ್ಕೆ ತಿಳಿಯಿತು. ಆದರೆ ಹಲ್ಲು ಕಳೆದುಕೊಂಡ ಆ ನಿರ್ಭಾಗ್ಯರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ನಮ್ಮ ಮಕ್ಕಳ ಹಲ್ಲನ್ನು ಕಾಯುವ ಈ ತಿಳಿವಳಿಕೆಗೆ ಬೆಲೆ ತೆತ್ತವರು ಅವರು, ಅದನ್ನು ಮರೆಯಬಾರದು.

ಫ್ಲೋರೈಡಿನ ಕಥೆ ಇನ್ನೊಂದು ಬಗೆಯದು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ದಂತವೈದ್ಯ ಮೆಕೇ, ಅಲ್ಲಿನ ಜನರ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡನು. ಕುಡಿಯುವ ನೀರಿನ ಫ್ಲೋರೈಡೇ ಅದಕ್ಕೆ ಕಾರಣವೆಂದು 1931ರಲ್ಲಿ ಗೊತ್ತಾಯಿತು. ಅದೇ ಲವಣ ಮಿತವಾಗಿದ್ದಾಗ ಹುಳುಕನ್ನು ತಡೆಯುತ್ತದೆಂಬುದೂ ತಿಳಿದು, 1945ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅದನ್ನು ನೀರಿಗೆ ಬೆರೆಸಿದರು. ಇಂದಿನ ಪೇಸ್ಟುಗಳಲ್ಲಿ ಅದು ಸೇರಿದ್ದು ಹೀಗೆ. ಆದರೆ ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿ, ಜನರ ಹಲ್ಲು ಮಾತ್ರವಲ್ಲ, ಮೂಳೆಗಳೂ ಕೆಟ್ಟಿವೆ. ಅತಿಯಾದರೆ ಅಮೃತವೂ ವಿಷವೆಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ? ಅಂಥ ಊರುಗಳಲ್ಲಿ ಮೊದಲು ಬೇಕಾದುದು ಶುದ್ಧವಾದ ಕುಡಿಯುವ ನೀರು.

ನಮ್ಮಲ್ಲಿ ದಂತವೈದ್ಯ ಶಿಕ್ಷಣ ಬೇರೂರಿದ್ದು ಈಚೆಗೆ. ಡಾ. ರಫಿಯುದ್ದೀನ್ ಅಹಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಕಾಲೇಜನ್ನು ತೆರೆದರು. 1948ರಲ್ಲಿ ದಂತವೈದ್ಯರ ಕಾಯಿದೆಯಾಯಿತು. 1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಆದರೂ ನೋವು ತಡೆಯಲಾರದಷ್ಟಾದ ಮೇಲೆಯೇ ವೈದ್ಯರ ಬಳಿ ಹೋಗುವ ವಾಡಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದೂ ಹೇಳಲಾಗದು. ಇಟ್ಟಿಗೆಯ ಪುಡಿ, ತರಿಯಾದ ಇದ್ದಿಲು ಹಲ್ಲಿನ ಹೊದಿಕೆಯನ್ನೇ ಸವೆಸುತ್ತವೆ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯ ಚಟವಂತೂ ಬಾಯಿಗೆ ಕುತ್ತು. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಭಾರತ ಸರಕಾರ 1992ರಲ್ಲಿ ನಿಷೇಧಿಸಿತು. ಇನ್ನು ಅಡಿಕೆ. ಅದು ನಮ್ಮ ಮಲೆನಾಡಿನ ಬದುಕು, ಮಂಗಳಕಾರ್ಯದ ಗೌರವ. ಆದರೂ ನಿತ್ಯ ಅಗಿಯುವವರ ಬಾಯ ಒಳಚರ್ಮ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆಂಬುದೂ, ಅಡಿಕೆಯು ಬಾಯ ಕ್ಯಾನ್ಸರಿಗೆ ಕಾರಣವೆಂಬುದೂ ಸಿದ್ಧಪಟ್ಟ ವಿಷಯ. ಹೊಗೆಸೊಪ್ಪು ಜೊತೆಗೂಡಿದರೆ ಅಪಾಯ ಮತ್ತೂ ಹೆಚ್ಚು. ತಾಂಬೂಲವನ್ನು ತಟ್ಟೆಯಲ್ಲಿಟ್ಟು ಅತಿಥಿಯನ್ನು ಗೌರವಿಸೋಣ. ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಹಾಗಾದರೆ ಉಳಿಯತಕ್ಕದ್ದು ಯಾವುದು? ಮೃದುವಾದ ಬ್ರಷ್ಷಿನಿಂದ ಎರಡು ಹೊತ್ತು, ವಸಡಿಗೆ ನೋವಾಗದಂತೆ ಉಜ್ಜುವುದು. ಅದರಲ್ಲಿಯೂ ರಾತ್ರಿ ಮಲಗುವ ಮುನ್ನ ತಪ್ಪದಿರುವುದು. ನಿದ್ರೆಯಲ್ಲಿ ಜೊಲ್ಲು ಕಡಮೆಯಾಗುವುದರಿಂದ ಬಾಯಿಗೆ ತನ್ನನ್ನು ತಾನು ತೊಳೆದುಕೊಳ್ಳುವ ಶಕ್ತಿ ಆಗ ಕುಗ್ಗಿರುತ್ತದೆ. ತಿಂದೊಡನೆ ಬಾಯಿ ಮುಕ್ಕಳಿಸುವುದು, ಸಿಹಿಯನ್ನು ಊಟದ ಜೊತೆಯಲ್ಲಿಯೇ ಮುಗಿಸುವುದು, ಮಗುವನ್ನು ಸಕ್ಕರೆ ಹಾಲಿನ ಸೀಸೆ ಬಾಯಲ್ಲಿರುವಂತೆಯೇ ಮಲಗಿಸದಿರುವುದು, ನೋವಿಲ್ಲದಾಗಲೇ ವೈದ್ಯರಿಗೆ ಹಲ್ಲು ತೋರಿಸುವುದು, ಇಷ್ಟೆ. ಇವುಗಳಲ್ಲಿ ಅರ್ಧವನ್ನು ವಾಗ್ಭಟನೇ ಹೇಳಿದ್ದನು. ಬೆಳಗಿನ ಹೊತ್ತನ್ನು ನಾವು ಬಿಡದೆ ನಡಸಿಕೊಂಡು ಬಂದಿದ್ದೇವೆ; ಮರೆತಿರುವುದು ಅವನ ಎರಡನೆಯ ಹೊತ್ತನ್ನು. ಅದನ್ನು ಈ ರಾತ್ರಿಯಿಂದಲೇ ಮತ್ತೆ ರೂಢಿಗೆ ತರಬಹುದು.